ನಿಮ್ಮ ಒಲೆ ಗುಡಿಸಲು ಬಂದಿದ್ದ ಸೂತಾರೆ ನಾನೇ

ಗಿರಿಜಮ್ಮ, ನನಗೆ ಕನ್ನಡ ಬರುತ್ತದೆ. ಅಂದೂ ಬರುತ್ತಿತ್ತು. ಸ್ವೀಡನ್ನಿನ ವೆಸ್ಟೆರಾಸ್ ಊರಿನಲ್ಲಿ, ನಿಮ್ಮ ಮಗನ ಮನೆಯಲ್ಲಿ, ಒಲೆಯ ಮುಂದೆ ನಿಂತು ನೀವು ಆಡಿದ ಒಂದೊಂದು ಮಾತೂ ನನಗೆ ತಿಳಿದಿತ್ತು. ತಿಳಿದೂ ಇಲ್ಲವೆಂದು ತಲೆಯಾಡಿಸಿದೆ. ‘ಯಾಗ್ ಫರ್‌ಸ್ಟೋರ್ ಇಂತೆ’ ಅಂದೆ — ನನಗೆ ಅರ್ಥವಾಗುವುದಿಲ್ಲ ಎಂದು, ಸ್ವೀಡಿಷ್‌ನಲ್ಲಿ — ಬ್ರಷ್ಷು, ಬಕೆಟ್ಟು ಎತ್ತಿಕೊಂಡು ಹೊರಟುಬಿಟ್ಟೆ.

ಇಲ್ಲಿ ಮನೆಮನೆಗೆ ಹೋಗಿ ಹೊಗೆಗೂಡು ಗುಡಿಸುವವನನ್ನು, ಒಲೆ ಉರಿಸಲು ಯೋಗ್ಯವಾಗಿದೆಯೇ ಎಂದು ಪರೀಕ್ಷಿಸುವವನನ್ನು ಸೂತಾರೆ ಎನ್ನುತ್ತಾರೆ. ಕಪ್ಪು ಬಟ್ಟೆ, ಕಪ್ಪು ಟೋಪಿ, ಕೆಲಸ ಮುಗಿಯುವ ಹೊತ್ತಿಗೆ ಮುಖವೂ ಕಪ್ಪು. ಈ ದೇಶದವರಿಗೆ ಸೂತಾರೆ ಎದುರಾದರೆ ಶುಭ. ದಾರಿಯಲ್ಲಿ ಹೋಗುವ ಅಪರಿಚಿತರೂ ಹತ್ತಿರ ಬಂದು ಅಂಗಿಯ ಗುಂಡಿ ಮುಟ್ಟಿ ನಗುತ್ತಾ ಹೋಗುತ್ತಾರೆ. ನಾನು ಮಾತ್ರ ಕುಂದಾಪುರದ ಕಡೆಯವನು. ಮುಖಕ್ಕೆ ಮಸಿ ಬಳಿಸಿಕೊಳ್ಳುವುದು ಎಂದರೆ ನಮ್ಮಲ್ಲಿ ಏನರ್ಥ ಎಂದು ನಿಮಗೆ ಹೇಳಬೇಕಾಗಿಲ್ಲ.

ನನ್ನ ಹೆಂಡತಿ ವಿದ್ಯಾಗೆ ಇಲ್ಲಿ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ ನಾನೂ ಅವಳ ಬೆನ್ನಿಗೆ ಬಂದೆ. ಸಿವಿಲ್ ಡಿಪ್ಲೊಮಾ ಇತ್ತು, ಭಾಷೆ ಇರಲಿಲ್ಲ. ಭಾಷೆ ಕಲಿತ ಮೇಲೆ ಇಲ್ಲಿಯ ನಗರಸಭೆ, ಅಂದರೆ ಕೊಮ್ಯೂನಿನವರು ಯಾವ ಯಾವ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ತೋರಿಸಿದರು; ನಾನು ಇದನ್ನು ಆರಿಸಿಕೊಂಡೆ. ಹೇಳಬೇಕೆಂದರೆ ನನಗೆ ಈ ಕೆಲಸ ಇಷ್ಟ. ಬೆಳಿಗ್ಗೆ ಮನೆಯ ಮಾಡಿನ ಹೆಂಚಿನ ಮೇಲೆ ನಿಂತಾಗ ದೂರದಲ್ಲಿ ಸರೋವರ ಕಾಣುತ್ತದೆ, ಕೆಳಗೆ ಯಾರದೋ ಮನೆಯ ಕಾಫಿಯ ಪರಿಮಳ — ಇರಲಿ, ಇಷ್ಟವಾದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಅದೇ ಕಥೆ. ನಮ್ಮ ಕನ್ನಡದವರು ಸೇರುವಲ್ಲಿ ಎಲ್ಲರೂ ಇಂಜಿನಿಯರುಗಳು. ಯಾರೋ ಕೇಳಿದರು, ನಾನು ‘ಕಟ್ಟಡಗಳ ಅಗ್ನಿ ಸುರಕ್ಷತೆ’ ಅಂದೆ. ಸುಳ್ಳಲ್ಲ. ನಿಜಕ್ಕೆ ಇಸ್ತ್ರಿ ಹಾಕಿದ್ದೆ ಅಷ್ಟೆ. ಮುಂದಿನ ಸಲ ಸೇರಿದಾಗ ಅವರೇ ನನ್ನನ್ನು ಫೈರ್ ಸೇಫ್ಟಿ ಇಂಜಿನಿಯರ್ ಎಂದು ಪರಿಚಯಿಸಿದರು, ನಾನು ತಿದ್ದಲಿಲ್ಲ. ಊರಲ್ಲಿರುವ ನನ್ನ ಅಮ್ಮನಿಗೂ ಅದೇ ಹೇಳಿದೆ. ವಿದ್ಯಾ ಮಾತ್ರ ‘ಇಂಜಿನಿಯರ್ ಸಾಹೇಬ್ರೇ, ಕಿವಿಯ ಹಿಂದೆ ಮಸಿ ಉಳಿದಿದೆ’ ಎಂದು ಕಾಲೆಳೆಯುತ್ತಿದ್ದಳು.

ಹಾಗೆ ಸೇರುವವರಲ್ಲಿ ನಿಮ್ಮ ಪ್ರಶಾಂತನೂ ಒಬ್ಬ. ಆ ಚಳಿಗಾಲದ ಮೊದಲಲ್ಲಿ ನನ್ನ ಪಾಲಿಗೆ ಬಂದ ಮನೆಗಳಲ್ಲಿ ಅವನದೂ ಇತ್ತು. ಗೇಟಿನ ಅಂಚೆ ಡಬ್ಬಿಯ ಮೇಲೆ ಶೆಟ್ಟಿ ಎಂದು ಕಂಡಾಗ ಮೊದಲು ಅಂಗಳಕ್ಕೆ ಇಣುಕಿದೆ. ಅವನ ಕಾರು ಇರಲಿಲ್ಲ. ಬದುಕಿದೆ ಅಂದುಕೊಂಡೆ. ಟೋಪಿ ಹಣೆಯವರೆಗೆ ಎಳೆದು, ಮುಖಗವಸು ಹಾಕಿಕೊಂಡು ಬೆಲ್ ಒತ್ತಿದೆ. ಬಾಗಿಲು ತೆರೆದವರು ನೀವು — ಸೀರೆಯ ಮೇಲೆ ಮಗನ ದಪ್ಪ ಸ್ವೆಟರ್, ಕಾಲಿಗೆ ಉಣ್ಣೆಯ ಕಾಲುಚೀಲ. ಊರಿಂದ ಬಂದು ಹೆಚ್ಚು ದಿನ ಆಗಿರಲಿಲ್ಲವೆಂದು ಕಾಣುತ್ತದೆ. ನನಗೆ ಆಗಲೇ ನನ್ನ ಅಮ್ಮನ ನೆನಪಾಯಿತು.

ನಾನು ಮಾಡಿನ ಕೆಲಸ ಮುಗಿಸಿ ಒಳಗೆ ಬಂದು ಒಲೆಯ ಬಾಗಿಲು ತೆಗೆದೆ. ಸೂತಾರೆ ಬರುವ ದಿನ ಒಲೆ ತಣ್ಣಗಿರಬೇಕು. ನೋಡಲು ತಣ್ಣಗೇ ಇತ್ತು, ಬರೀ ಬೂದಿ. ಸಲಿಕೆ ಹಾಕಿದರೆ ಅಡಿಯಲ್ಲಿ ಕೆಂಡ, ಕೆಂಪಗೆ, ಜೀವಂತ. ಈ ದೇಶದ ಬೇರೆ ಯಾವ ಸೂತಾರೆಯಾದರೂ ಇದನ್ನು ಬೆಂಕಿ ಆರಿಸಲು ಮರೆತದ್ದು ಎಂದುಕೊಳ್ಳುತ್ತಿದ್ದ. ನನಗೆ ಗೊತ್ತಿತ್ತು, ಇದು ಮರೆವಲ್ಲ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಊದಿ ಉರಿಸುವ ನಮ್ಮ ಕಡೆಯ ಹೆಂಗಸಿನ ಕೈಕೆಲಸ. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು.

ನೀವು ಸ್ಟೀಲ್ ಲೋಟದಲ್ಲಿ ಕಾಫಿ ತಂದಿರಿ. ಭಾಷೆ ಬಾರದವನ ಹತ್ತಿರ ಮಾತಾಡುವುದಕ್ಕೆ ನಿಮಗೆ ಸಂಕೋಚವೇ ಇರಲಿಲ್ಲ.

“ನಿಂಗೆ ತಿಳಿತಿಲ್ಲ ಅಂದೇಳಿ ಗೊತ್ತಿತ್ತ್. ಆದ್ರೂ ಹೇಳ್ತೆ. ಒಲಿ ಬೆಂಕಿ ಪೂರ್ತಿ ಆರುಕಾಗ ಅಲ್ದಾ? ರಾತ್ರಿ ಕೆಂಡಕ್ಕೆ ಬೂದಿ ಮುಚ್ಚತೆ. ಬಿಸಿ ಹೊರಗ್ ಹೋಪುಕಾಗ ಅಂದೇಳಿ ಈ ಸರಳ್ ಎಳ್ದ್ ಇಡ್ತೆ. ಬೆಳಿಗ್ಗೆ ಏಳೂಕೇ ಆತಿಲ್ಲ ಮಗಾ, ತಲಿ ತಿರ್ಗತ್ತ್, ವಾಂತಿ ಬಂದಂಗಾತ್ತ್. ಪ್ರಶಾಂತ ಚಳಿಗೆ ಅಂತ.”

ಬಿಸಿ ಹೊರಗೆ ಹೋಗಬಾರದೆಂದು ನೀವು ಎಳೆಯುತ್ತಿದ್ದ ಆ ಸರಳು — ಹೊಗೆಗೂಡಿನ ಕೊರಳಲ್ಲಿ ಒಂದು ತಗಡು ಇರುತ್ತದೆ, ಸರಳು ಎಳೆದರೆ ಅದು ಮುಚ್ಚುತ್ತದೆ. ಬೆಂಕಿ ಸಂಪೂರ್ಣ ಆರಿದ ಮೇಲಷ್ಟೇ ಅದನ್ನು ಮುಚ್ಚಬೇಕು. ಒಳಗೆ ಕೆಂಡ ಇರುವಾಗ ಮುಚ್ಚಿದರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಗಾಳಿ ಮನೆಯೊಳಗೇ ತುಂಬುತ್ತದೆ. ನಮ್ಮೂರ ಒಲೆಗೆ ಹೆಂಚಿನ ಸಂದಿ ಇತ್ತು, ಗೋಡೆಯ ಗಂಡಿ ಇತ್ತು. ಗಾಳಿ ತನ್ನ ಪಾಡಿಗೆ ಆಡುತ್ತಿತ್ತು. ಇಲ್ಲಿಯ ಮನೆಗಳು ಚಳಿಗೆ ಹೆದರಿ ಡಬ್ಬಿಯಂತೆ ಮುಚ್ಚಿಕೊಂಡಿರುತ್ತವೆ. ಒಳಕೋಣೆ ತಣ್ಣಗೆಂದು ನೀವು ಒಲೆಯ ಎದುರಿನ ಸೋಫಾದ ಮೇಲೆ ಮಲಗುತ್ತಿದ್ದಿರಿ. ಮಡಚಿಟ್ಟ ಹೊದಿಕೆ ಅಲ್ಲೇ ಇತ್ತು, ನಾನು ನೋಡಿದೆ. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವ ನಿಮ್ಮ ಮಗನಿಗೆ ರಾತ್ರಿ ಕಾಣುತ್ತಿದ್ದದ್ದು ಬೂದಿ ಮಾತ್ರ, ಬೆಂಕಿ ಆರಿದೆ ಅಂದುಕೊಂಡಿದ್ದ. ನಿಮ್ಮ ತಲೆಸುತ್ತಿಗೆ ಏನು ಕಾರಣವೆಂದು ಆ ಕ್ಷಣದಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಬಾಯಿ ತೆರೆದೆ, ಅಮ್ಮ. ನಿಜವಾಗಿ ತೆರೆದೆ. ಮುಖಗವಸು ಕೆಳಗೆ ಮಾಡಿ ಕಾಫಿ ಕುಡಿಯುತ್ತಿದ್ದೆನಲ್ಲ — ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ಕೇಳಿದಿರಿ:

“ನೀನ್ ನಮ್ ಬದಿಯನ್ ಅಲ್ದಾ ಮಗಾ?”

ಹೌದು, ನಿಮ್ಮ ಕಡೆಯವನೇ ಅಂದಿದ್ದರೆ ಸಂಜೆಗೆ ಪ್ರಶಾಂತನಿಗೆ ಗೊತ್ತಾಗುತ್ತಿತ್ತು. ವಾರದೊಳಗೆ ಎಲ್ಲರಿಗೂ, ಆಮೇಲೆ ಹೇಗಾದರೂ ಊರಿಗೂ. ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ನಿಮ್ಮ ಪ್ರಾಣ ಒಂದು ಕಡೆ, ನನ್ನ ಇಂಜಿನಿಯರ್ ಪಟ್ಟ ಇನ್ನೊಂದು ಕಡೆ — ಹೀಗೆ ಬಿಡಿಸಿ ಯೋಚಿಸಲಿಲ್ಲ, ಯೋಚಿಸಿದ್ದರೆ ಬಹುಶಃ... ಇಲ್ಲ, ಆ ‘ಬಹುಶಃ’ವನ್ನು ಇಲ್ಲಿಗೇ ಬಿಡುತ್ತೇನೆ. ಅರ್ಥವಾಗುವುದಿಲ್ಲ ಅಂದೆ. ಪ್ರಶಾಂತನಿಗೆ ನಮ್ಮ ಆಫೀಸಿನಿಂದ ಯಾರಾದರೂ ಫೋನ್ ಮಾಡಿ ಹೇಳುವಂತೆ ಮಾಡಿದರಾಯಿತು ಎಂದು ವ್ಯಾನ್ ಹತ್ತಿದೆ. ಮುಂದಿನ ಮನೆಗೆ ಹೊತ್ತಾಗಿತ್ತು. ಹೇಳಿಸಲಿಲ್ಲ. ಒಂದು ದಿನ ಕಳೆದ ಮೇಲೆ ಹೇಳಿಸುವುದಕ್ಕೂ ನಾಚಿಕೆಯಾಯಿತು. ಕೈ ತೊಳೆದುಕೊಂಡು ಸುಮ್ಮನಾದೆ.

ಆ ವಾರವೇ ಒಂದು ಬೆಳಿಗ್ಗೆ ನೀವು ಏಳಲಿಲ್ಲ. ಆಂಬುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ಉಳಿಸಿದರು. ಸುದ್ದಿ ಕೇಳಿ ವಿದ್ಯಾ ಹಣ್ಣು ಕಟ್ಟಿಕೊಂಡು ಹೊರಟಳು, ಜೊತೆಗೆ ನಾನು — ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನೀವು ಆಗಷ್ಟೇ ಮನೆಗೆ ಬಂದಿದ್ದಿರಿ. ಮಾತು ತಡವರಿಸುತ್ತಿತ್ತು, ಲೋಟವನ್ನು ಎರಡೂ ಕೈಯಿಂದ ಹಿಡಿದಿದ್ದಿರಿ. ಪ್ರಶಾಂತ ಹೇಳುತ್ತಿದ್ದ: “ಅಮ್ಮ ಒಂದೇ ಸಮ ಹೇಳ್ತಿದ್ದಾರೆ, ಸೂತಾರೆಗೆ ಎಲ್ಲಾ ಹೇಳಿದ್ದೆ, ಅವನಿಗೆ ಅರ್ಥ ಆಗಿತ್ತು ಅಂತ. ಸ್ವೀಡನ್ನಿನ ಸೂತಾರೆಗೆ ಕುಂದಾಪ್ರ ಕನ್ನಡ! ಗ್ಯಾಸ್ ಎಫೆಕ್ಟ್ ಇರಬೇಕು, ಸರಿಹೋಗುತ್ತೆ ಅಂದಿದ್ದಾರೆ ಡಾಕ್ಟ್ರು.”

ಆಗ ನೀವು ತಲೆ ಎತ್ತಿ ನನ್ನನ್ನು ನೋಡಿದಿರಿ. ಸೋಫಾದ ಮೇಲೆ ಕೂತೇ ನನ್ನ ಕಡೆ ಬೆರಳು ಮಾಡಿದಿರಿ.

“ಇವ್ನೇ,” ಅಂದಿರಿ.

ಪ್ರಶಾಂತ ಜೋರಾಗಿ ನಕ್ಕ. “ಅಯ್ಯೋ ಅಮ್ಮ, ಇವ್ರು ಇಂಜಿನಿಯರ್ರು, ಸುರೇಶ್ ಅಂತ.” ನನಗೆ ಸಾರಿ ಎಂದ.

ನಾನೂ ನಕ್ಕೆ, ಗಿರಿಜಮ್ಮ. ಒಲೆಯ ಮುಂದೆ ಬಾಯಿ ಮುಚ್ಚಿಕೊಂಡದ್ದಕ್ಕೆ ಹೆದರಿಕೆ ಎಂದಾದರೂ ಹೆಸರಿಡಬಹುದು. ಈ ನಗುವಿಗೆ ನನ್ನ ಬಳಿ ಹೆಸರಿಲ್ಲ. ನೀವು ನಮ್ಮಿಬ್ಬರ ಮುಖ ನೋಡಿದಿರಿ, ಲೋಟ ಕೆಳಗಿಟ್ಟಿರಿ, ಮೆಲ್ಲಗೆ ಅಂದಿರಿ: “ಹೌದಾ... ಹಂಗಾರೆ ನನ್ ತಲಿಯೇ ಸಮ ಇಲ್ಲ.”

ವಿಷಗಾಳಿಯಿಂದ ನಿಮ್ಮನ್ನು ಆಸ್ಪತ್ರೆಯವರು ಕಾಪಾಡಿದ್ದರು. ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನು ನಾನು ನಿಮ್ಮ ಎದುರೇ ಕೂತು, ನಿಮ್ಮ ಮನೆಯ ಬಿಸ್ಕತ್ತು ತಿನ್ನುತ್ತಾ ಕೊಂದೆ.

ನೀವು ಊರಿಗೆ, ಮಗಳ ಮನೆಗೆ ಮರಳಿದಿರಿ. ನಾನು ಮಾಡು ಹತ್ತುತ್ತಾ, ಇಳಿಯುತ್ತಾ ಇದ್ದೆ. ಜನ ನನ್ನ ಗುಂಡಿ ಮುಟ್ಟಿ ಶುಭ ಬೇಡಿಕೊಳ್ಳುತ್ತಿದ್ದರು. ಕೆಲವೊಮ್ಮೆ, ಬೇಡ ಮಾರಾಯ್ರೆ, ನನ್ನನ್ನು ಮುಟ್ಟಬೇಡಿ ಎಂದು ಕೂಗಬೇಕೆನಿಸುತ್ತಿತ್ತು. ಒಲೆ ಇರುವ ಮನೆಗೆಲ್ಲ ಸರಳಿನ ವಿಷಯ ಎರಡೆರಡು ಸಲ ಹೇಳುವ ಅಭ್ಯಾಸ ಮಾಡಿಕೊಂಡೆ. ಅದರಿಂದ ನಿಮಗೇನೂ ಆಗಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಈಚೆಗೆ ಒಂದು ಭಾನುವಾರ ಎಲ್ಲರೂ ಸೇರಿದ್ದಾಗ ಪ್ರಶಾಂತ ಯಾರ ಹತ್ತಿರವೋ ಹೇಳುತ್ತಿದ್ದ. ಊರಲ್ಲಿ ನೀವು ಬಚ್ಚಲಲ್ಲಿ ಬಿದ್ದಿದ್ದಿರಂತೆ. ಕಾಲು ನೋವು ಎಂದು ದಿನಗಟ್ಟಲೆ ಹೇಳಿದರೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಕಾಲು ಊದಿಕೊಂಡ ಮೇಲೆ ನೋಡಿದರೆ ಮೂಳೆ ಮುರಿದಿತ್ತಂತೆ. “ಏನ್ ಮಾಡೋದು, ಆ ಗ್ಯಾಸ್ ಆದ್ಮೇಲೆ ಅಮ್ಮ ಹೇಳಿದ್ದನ್ನೆಲ್ಲಾ ನಂಬೋಕಾಗಲ್ಲ. ಸೂತಾರೆ ಕಥೆ ಗೊತ್ತಲ್ಲ ನಿಮಗೆ.” ಸುತ್ತ ಕೂತವರು ನಕ್ಕರು. ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ಇಟ್ಟು ಹೊರಗೆ ಹೋದೆ.

ಹಿಂದೆಯೇ ಬಂದ ವಿದ್ಯಾಗೆ ಕಾರಿನಲ್ಲಿ ಎಲ್ಲ ಹೇಳಿದೆ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ದಿದ್ದರೆ ಹಗುರವಾಗುತ್ತಿತ್ತು. “ನನ್ ಹತ್ರ ಹೇಳಿ ಏನ್ ಪ್ರಯೋಜನ? ನನಗೇನು ನೀನು ಮೋಸ ಮಾಡಿಲ್ಲ,” ಅಂದಳು. “ಕೆಲಸದ ಬಟ್ಟೆಯಲ್ಲೇ ಹೋಗು.”

ಮರುದಿನ ಕೆಲಸ ಮುಗಿಸಿ ಹಾಗೇ ಹೋದೆ. ಮುಖ ತೊಳೆಯಲಿಲ್ಲ. ಬಾಗಿಲು ತೆರೆದ ಪ್ರಶಾಂತ ಮೊದಲು ಗುರುತಿಸಲಿಲ್ಲ, ಸ್ವೀಡಿಷ್‌ನಲ್ಲಿ, ಇವತ್ತು ಬರುವ ವಿಷಯ ತಿಳಿಸಿರಲಿಲ್ಲವಲ್ಲ ಎಂದ. ನಾನು ಕನ್ನಡದಲ್ಲಿ ಹೇಳಿದೆ. ಹೊಸ್ತಿಲ ಹೊರಗೇ ನಿಂತು, ಮೊದಲಿಂದ ಕೊನೆಯವರೆಗೆ. ಅವನ ಕೈ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ.

“ಅಮ್ಮ ಹೇಳ್ತಾನೇ ಇದ್ರು,” ಅಂದ. “ನಾನು ಎಲ್ರ ಮುಂದೆ ಜೋಕ್ ಮಾಡ್ತಾನೇ ಇದ್ದೆ.” ಆಮೇಲೆ ಅವನ ದನಿ ಬೇರೆಯಾಯಿತು. “ನೀವು ಅವ್ರಿಗೆ ಫೋನ್ ಮಾಡ್ಬೇಡಿ. ನಿಮ್ ದನಿ ಅವ್ರಿಗೆ ಕೇಳ್ಸೋದು ನನಗೆ ಇಷ್ಟ ಇಲ್ಲ. ಬರೀರಿ. ಮುಂದಿನ ತಿಂಗಳು ಊರಿಗೆ ಹೋಗ್ತಿದೀನಿ, ನಾನೇ ಓದ್ತೀನಿ. ಅಕ್ಕ, ಭಾವ, ಎಲ್ರನ್ನೂ ಕೂರಿಸಿ ಓದ್ತೀನಿ.” ಬಾಗಿಲು ಮುಚ್ಚಿದ.

ಆದ್ದರಿಂದ, ಅಮ್ಮ, ಈಗ ನೀವು ಕೇಳುತ್ತಿರುವುದು ನಿಮ್ಮ ಮಗನ ದನಿ. ಮಾತು ನನ್ನದು. ಕನ್ನಡದವರ ಮುಂದಿನ ಸಭೆಗೂ ನಾನು ಈ ಕಪ್ಪು ಬಟ್ಟೆಯಲ್ಲೇ ಹೋಗಿ, ಅಂದು ನಕ್ಕವರೆಲ್ಲರ ಎದುರು ಇದನ್ನೇ ಹೇಳುತ್ತೇನೆ. ನನ್ನ ಅಮ್ಮನಿಗೆ ನಿನ್ನೆ ಹೇಳಿದೆ. ಫೋನಿನ ಆ ಕಡೆ ಅವಳು ಅತ್ತದ್ದು ನನ್ನ ಕೆಲಸ ಕೇಳಿ ಅಲ್ಲ, ನಿಮ್ಮ ವಿಷಯ ಕೇಳಿ. ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರೇನೋ ಎಂಬ ಭಯ.

ಆದರೆ ನಿಮ್ಮ ಸುತ್ತ ಕೂತವರಿಗೆ ಇದು ತಿಳಿಯಲಿ. ಗಿರಿಜಮ್ಮನ ತಲೆ ಸರಿಯಿತ್ತು. ಅವರು ಸೂತಾರೆಗೆ ಹೇಳಿದ್ದು ನಿಜ, ಅವನಿಗೆ ಅರ್ಥವಾಗಿದ್ದೂ ನಿಜ. ಸೋಫಾದ ಮೇಲೆ ಕೂತು ಬೆರಳು ಮಾಡಿ ತೋರಿಸಿದಾಗಲೂ ಅವರು ತಪ್ಪಿರಲಿಲ್ಲ. ಇನ್ನು ಅವರು ನೋವು ಅಂದರೆ ನೋವಿದೆ ಎಂದೇ ತಿಳಿಯಿರಿ.

ಮತ್ತೆ ನೀವು ಕಾಫಿ ಕೊಟ್ಟು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಿರಿ. ಉತ್ತರ ಕೊಡದೆ ಲೋಟ ಕೆಳಗಿಟ್ಟು ಹೋಗಿದ್ದೆ.

ಹೌದಮ್ಮ. ನಾನ್ ನಿಮ್ ಬದಿಯನೇ.