ಸಾಕ್ಷಿಗೆ ಒಂದು ದವಡೆ ಹಲ್ಲು

ಉಳಿಸಬಹುದಾಗಿದ್ದ ಹಲ್ಲನ್ನು ನನ್ನ ಕೈಯಿಂದ ಕೀಳಿಸಿದವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಸಂಡೂರಿನ ಕಡೆ ಕಬ್ಬಿಣದ ಅದಿರಿನ ಗಣಿ ಜೋರಾಗಿದ್ದ ಕಾಲ. ಹೊಸಪೇಟೆಯ ನನ್ನ ಹಲ್ಲಿನ ಆಸ್ಪತ್ರೆಗೆ ಯಶವಂತನಗರದಿಂದ ಒಬ್ಬ ಲಾರಿ ಡ್ರೈವರ್ ಬಂದ. ದವಡೆ ಹಲ್ಲಿನ ಒಂದು ಮೂಲೆ ಮುರಿದಿತ್ತು. ಬೇರು ಗಟ್ಟಿಯಾಗಿತ್ತು.

"ಕಿತ್ತುಬಿಡ್ರಿ ಡಾಕ್ಟ್ರೇ," ಅಂದ.

"ಕೀಳೋದು ಬ್ಯಾಡಪ್ಪ. ಬರೇ ಸಿಮೆಂಟ್ ತುಂಬಿದ್ರ ನಿಲ್ಲಂಗಿಲ್ಲ, ಪೂರ್ತಿ ಕ್ಯಾಪೂ ಬೇಕಾಗಿಲ್ಲ. ಅಚ್ಚು ತಗೊಂಡು, ಮುರಿದಷ್ಟು ಜಾಗಕ್ಕ ತುಂಡು ಮಾಡಿಸಿ ಅಂಟಿಸ್ತೀನಿ. ಇನ್ನೊಂದ್ಸಲ ಬಂದ್ರ ಮುಗೀತು."

"ಇನ್ನೊಂದ್ಸಲ ಯಾರು ಬಿಡ್ತಾರ್ರೀ? ಇವತ್ತಿನ ರಜಾಕ್ಕ ಕಿತ್ತ ಹಲ್ಲು ತಂದು ತೋರ್ಸು ಅಂದಾನ ನಮ್ಮ ಸೂಪರ್‌ವೈಜರ್. ಇಲ್ಲಂದ್ರ ಲಾರಿ ಬ್ಯಾರೇದವ್ರಿಗೆ ಕೊಡ್ತಾನ."

"ನಾನು ಸೀಲ್ ಹಾಕಿ ಚೀಟಿ ಬರೆದು ಕೊಡ್ತೀನಿ."

ನೋಯುವ ಕೆನ್ನೆ ಹಿಡಿದುಕೊಂಡೇ ನಕ್ಕ. "ಚೀಟಿ ಅಂವ ನಂಬಂಗಿಲ್ರೀ. ನಾ ದಿನಾ ಅದಿರು ಹೊಡಿಯೋ ಪರ್ಮಿಟ್ಟೇ ಸುಳ್ಳು. ಅದನ್ನ ಬರಿಯಾಂವ ಅವನೇ."

ಕಿತ್ತೆ. ತೊಳೆದು, ಹತ್ತಿಯಲ್ಲಿ ಸುತ್ತಿ ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು ಹೋದ.

ಸುಳ್ಳು ಚೀಟಿ ಹಿಡಿದು ಸಂಡೂರಿನ ಗುಡ್ಡಗಳೇ ಬಂದರಿಗೆ ಹೋಗುತ್ತಿದ್ದವು. ಹಲ್ಲುನೋವಿಗೆ ಮಾತ್ರ ಖರೇ ಚೀಟಿ ಸಾಲಲಿಲ್ಲ.