ಅವ್ವ ಬೀಳಗೊಡದ ಆಟೋ

ಪಕ್ಕದ ಮನೆಯಲ್ಲಿ ಯಾವುದೋ ಕೂಸಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದ್ದಾರೆ. ವಾಸನೆ ಬಂತು, ಕೆಮ್ಮು ಬರಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ತಾಗಿದೆ ಎಂದು ನಂಬಿಕೆ. ಆದರೆ ಬ್ಯಾಡಗಿಯಲ್ಲಿ ಇದು ಫಜೀತಿ ನೋಡಿ. ನಮ್ಮ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹೀಗಾಗಿ ನಮ್ಮೂರ ಕೂಸುಗಳಿಗೆಲ್ಲ ವರ್ಷವಿಡೀ ದೃಷ್ಟಿ!

ಅಣ್ಣನ ಮಗಳು ನಾಲ್ಕು ವರ್ಷದವಳಿದ್ದಾಗ ನಮ್ಮ ಅವ್ವನೂ ಇದನ್ನೇ ಮಾಡಿದ್ದಳು. ರಾಣೆಬೆನ್ನೂರಿನಲ್ಲಿ ಅಜ್ಜಿ-ಮೊಮ್ಮಗಳು ಕೂತಿದ್ದ ಆಟೋ ಪಲ್ಟಿ ಹೊಡೆದಿತ್ತು. ಇಬ್ಬರಿಗೂ ತರಚು ಗಾಯ ಅಷ್ಟೇ. ಆದರೆ ಹುಡುಗಿಯ ಮಾತು ನಿಂತುಹೋಯಿತು. ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿ ದಾರ ಕಟ್ಟಿಸಿದೆವು. ‘ಏನೂ ಆಗಿಲ್ಲ, ಏನೂ ಆಗಿಲ್ಲ’ ಎಂದು ಮನೆಮಂದಿಯೆಲ್ಲ ಜಪ ಮಾಡಿದೆವು. ಆಟೋ ಎಂಬ ಶಬ್ದವನ್ನೇ ಮನೆಯಿಂದ ಗಡೀಪಾರು ಮಾಡಿದೆವು. ಇವಳು ಇನ್ನು ಮಾತಾಡುವುದೇ ಇಲ್ಲವೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕೊನೆಗೆ ಹಾವೇರಿಯಲ್ಲಿ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಮಾಡುವ ಮೇಡಂ ಒಬ್ಬರ ಬಳಿ ಹೋದೆವು. ಗುಳಿಗೆ ಇಲ್ಲ, ಸೂಜಿ ಇಲ್ಲ. ನಮ್ಮನ್ನೆಲ್ಲ ಚಾಪೆ ಮೇಲೆ ಕೂರಿಸಿ ಆಟಿಕೆ ಹರಡಿದರು.

“ಇದಕ್ಕ ಹಾವೇರಿ ತನಕಾ ಬರಬೇಕಿತ್ತೇನೋ? ಮನ್ಯಾಗ ಆಡತಿದ್ವಿ,” ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ಅವ್ವನ ಪಿಸುಮಾತು ಬೀದಿಗೆ ಕೇಳಿಸುತ್ತದೆ. ಮೇಡಂ ನಕ್ಕರು.

ಹುಡುಗಿ ಒಂದು ಪ್ಲಾಸ್ಟಿಕ್ ಆಟೋ ಎತ್ತಿಕೊಂಡಳು. ಓಡಿಸಿದಳು, ಓರೆ ಮಾಡಿದಳು. ಬೀಳುವ ಮೊದಲೇ ಅವ್ವ ಗಪ್ಪನೆ ಹಿಡಿದಳು. “ಏನೂ ಆಗಿಲ್ಲವ್ವಾ, ನಾ ಹಿಡಿದೇನಲ್ಲ!” ಹುಡುಗಿ ಮತ್ತೆ ಓರೆ ಮಾಡಿದಳು, ಅವ್ವ ಮತ್ತೆ ಹಿಡಿದಳು. ನಮ್ಮ ಓಣಿಯ ಕ್ರಿಕೆಟ್ ಟೀಮಿಗೆ ಇಂಥ ಕೀಪರ್ ಸಿಕ್ಕಿರಲಿಲ್ಲ.

“ಅಜ್ಜೀ, ಅದನ್ನ ಬೀಳಗೊಡ್ರಿ,” ಎಂದರು ಮೇಡಂ. “ಅವತ್ತು ಬಿದ್ದದ್ದು ಖರೇ ಐತಲ್ರಿ. ನೀವೆಲ್ಲಾರೂ ಏನೂ ಆಗಿಲ್ಲ ಅಂದ್ರ ಆಕಿ ಯಾರ ಮುಂದ ಹೇಳಬೇಕ್ರಿ?”

ಅವ್ವ ಎರಡೂ ಕೈ ಸೆರಗಿನೊಳಗೆ ಅಡಗಿಸಿಕೊಂಡಳು. ಆಟೋ ಟಪ್ಪೆಂದು ಮಗುಚಿತು. ಯಾರೂ ಜಪ ಮಾಡಲಿಲ್ಲ.

“ಹೌದವ್ವಾ, ಬಿತ್ತು,” ಎಂದಳು ಅವ್ವ. “ನನಗ ಭಾಳ ಅಂಜಿಕಿ ಬಂದಿತ್ತು.”

“ನನಗೂ,” ಎಂದಳು ಹುಡುಗಿ.

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ನಾನಂತೂ ಅಷ್ಟು ಮರ್ಯಾದೆ ಉಳಿಸಿಕೊಳ್ಳದೆ ಎಲ್ಲರೆದುರೇ ಅತ್ತುಬಿಟ್ಟೆ. ಆಮೇಲೂ ಹಲವು ತಿಂಗಳು ಹಾವೇರಿಗೆ ಓಡಾಡಿದೆವು. ಮಾತು ಒಂದೊಂದೇ ಮರಳಿತು.

ಈಗ ಅವಳು ಶಾಲೆಯಲ್ಲಿ ಎರಡನೇ ಇಯತ್ತೆ, ಬಾಯಿಗೆ ಬಿಡುವಿಲ್ಲ. ಈಗಷ್ಟೇ ಹೊರಗೆ ಯಾವುದೋ ಗಾಡಿ ಕಿರ್ರೆಂದು ಬ್ರೇಕ್ ಹಾಕಿತು. ಹುಡುಗಿ ಓಡಿಬಂದು ಅಜ್ಜಿಯ ತೊಡೆಯೇರಿದಳು. ‘ಏನೂ ಆಗಿಲ್ಲ’ ಎಂದು ಯಾರೂ ಅನ್ನಲಿಲ್ಲ.

“ನನ್ನ ಎದಿನೂ ಝಲ್ ಅಂತವ್ವಾ,” ಎಂದಳು ಅವ್ವ.

ಹುಡುಗಿ ಅಜ್ಜಿಯ ಬೆನ್ನು ಸವರತೊಡಗಿದಳು.