ಗೇಟಿನ ಬೀಗ, ಅತ್ತೆಯ ಅಂಗೈ

ವಿಜಯನಗರದ ನಮ್ಮ ಮನೆಯ ಗೇಟಿಗೆ ಹಗಲು ಹೊತ್ತಿನಲ್ಲೂ ಬೀಗ. ಕಳ್ಳರ ಭಯಕ್ಕಲ್ಲ, ನಮ್ಮತ್ತೆಗಾಗಿ. ಮರೆವಿನ ಕಾಯಿಲೆ ಬಂದ ಮೇಲೆ ಅವರು ಎರಡು ಸಲ ಯಾರಿಗೂ ಹೇಳದೆ ಹೊರಟುಹೋಗಿದ್ದರು. ಎರಡನೆಯ ಸಲ ಸಿಕ್ಕಿದ್ದು ಮಾಗಡಿ ರೋಡಿನ ಸಿಟಿ ಬಸ್ ಸ್ಟಾಪಿನಲ್ಲಿ, ತಮ್ಮೂರು ದಾವಣಗೆರೆಯ ಬಸ್ಸಿಗೆ ಕಾಯುತ್ತ. ಅವತ್ತಿನಿಂದ ಗೇಟಿಗೆ ಬೀಗ. ಒಂದು ಕೀಲಿ ನನ್ನ ಯಜಮಾನರ ಜೇಬಿನಲ್ಲಿ, ಇನ್ನೊಂದು ನನ್ನ ಸೊಂಟದಲ್ಲಿ. ನೋಡಿದವರು ಕೀಲಿ ಸಿಕ್ಕಿಸಿಕೊಂಡ ಮನೆಯೊಡತಿ ಅಂದುಕೊಳ್ಳಬೇಕು. ನನಗೋ, ಅತ್ತೆಯ ಜೊತೆ ನನ್ನನ್ನೂ ಸೇರಿಸಿ ಬೀಗ ಹಾಕಿದ್ದಾರೆ ಅನ್ನಿಸುತ್ತಿತ್ತು. ಅವರು ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದರು, ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ವ್ಯತ್ಯಾಸ ಅಷ್ಟೇ.

ನನ್ನದು ಅಂತ ಇದ್ದದ್ದು ಬೆಳಗಿನ ಒಂದು ಗಂಟೆ. ಚಂದ್ರಾ ಲೇಔಟಿನ ಒಂದು ಮನೆಯ ಮಹಡಿಯಲ್ಲಿ ಝೆನ್ ಧ್ಯಾನ ಹೇಳಿಕೊಡುತ್ತಿದ್ದರು. ಮಂಡಿನೋವಿಗೆ ಒಳ್ಳೆಯದು ಅಂತ ಕರೆದುಕೊಂಡು ಹೋದ ಪಕ್ಕದ ಮನೆಯಾಕೆ, ಮಂಡಿನೋವು ಜಾಸ್ತಿಯಾಗಿ ವಾರದಲ್ಲೇ ಬಿಟ್ಟಳು. ನಾನು ಬಿಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂರುವುದು, ಬರುವ ಹೋಗುವ ಉಸಿರನ್ನು ಗಮನಿಸುವುದು, ಇಷ್ಟೇ ವಿದ್ಯೆ. ಆ ಗೋಡೆ ನನ್ನನ್ನು ಏನೂ ಕೇಳುತ್ತಿರಲಿಲ್ಲ. ತಿಂಡಿ ಏನು, ಕನ್ನಡಕ ಎಲ್ಲಿ, ಅವ್ವ ಮಾತ್ರೆ ನುಂಗಿದಳಾ, ಯಾವುದೂ ಇಲ್ಲ.

ಒಂದೇ ತೊಡಕು ನನ್ನ ಎಡಗೈಯದು. ಕೈಗಳೆರಡನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಳ್ಳಬೇಕು. ಸ್ವಲ್ಪ ಹೊತ್ತಾದರೆ ಸಾಕು, ನನ್ನ ಎಡಗೈ ತಾನಾಗಿ ಎದೆಯ ಮಟ್ಟಕ್ಕೆ ಏಳುತ್ತಿತ್ತು. ನಮ್ಮವರ ಮನೆಗಳಲ್ಲಿ ಪೂಜೆಗೆ ಕೂರುವುದೇ ಹಾಗೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ನೋಟ. ನನ್ನ ಲಿಂಗ ಎಷ್ಟೋ ಕಾಲದಿಂದ ದೇವರ ಗೂಡಿನಲ್ಲಿ, ತನ್ನ ಬೆಳ್ಳಿಯ ಕರಡಿಗೆಯೊಳಗೆ ಕೂತಿದೆ, ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತದೆ. ಕೈಗೆ ಮಾತ್ರ ಆ ವಿಷಯ ಯಾರೂ ತಿಳಿಸಿದಂತಿರಲಿಲ್ಲ.

"ಏನು ಹಿಡ್ಕೊಂಡಿದೀರ ಮೇಡಂ? ಬಿಟ್ಬಿಡಿ," ಎಂದು ಹೇಳಿಕೊಡುವವರು ಮೆಲ್ಲಗೆ ಹೇಳುತ್ತಿದ್ದರು.

"ಏನೂ ಇಲ್ವಲ್ಲ ಸಾರ್."

"ಅದನ್ನೇ ಬಿಡಿ ಅಂದಿದ್ದು."

ನನಗೆ ಒಳಗೊಳಗೇ ಉರಿಯುತ್ತಿತ್ತು. ಬಿಡಿ ಅನ್ನುವುದು ಇವರಿಗೆ ಎಷ್ಟು ಸಲೀಸು! ಇವರ ಮನೆಯ ಗೇಟಿನ ಕೀಲಿ ಯಾರ ಸೊಂಟದಲ್ಲಿದೆಯೋ.

ಆಮೇಲೆ ಆ ಒಂದು ಗಂಟೆಯೂ ಹೋಯಿತು. ಬೆಳಿಗ್ಗೆ ತಾಯಿಯನ್ನು ನೋಡಿಕೊಳ್ಳುತ್ತಿದ್ದ ನಮ್ಮ ಯಜಮಾನರಿಗೆ ಡಾಕ್ಟರು ವಾಕಿಂಗ್ ಮಾಡಲೇಬೇಕು ಅಂದರು. ಶುಗರ್ ಇತ್ತು, ಇಲ್ಲವೆನ್ನಲು ನನಗೆ ಬಾಯಿರಲಿಲ್ಲ. ವಾಕಿಂಗಿಗೆ ಸ್ನೇಹಿತರು ಸೇರಿದರು, ಸ್ನೇಹಿತರ ಹಿಂದೆ ದರ್ಶಿನಿಯ ಖಾಲಿ ದೋಸೆ ಸೇರಿತು.

"ನೀವು ಒಂದರ್ಧ ಗಂಟೆ ಬೇಗ ಬರಬಾರದಾ ರೀ? ನನಗೆ ಕ್ಲಾಸು," ಎಂದೆ.

"ಸುಮ್ನೆ ಕೂತ್ಕೊಳಕ್ಕೆ ಚಂದ್ರಾ ಲೇಔಟ್‌ಗೆ ಹೋಗ್ಬೇಕಾ? ಮನೇಲಿ ಗೋಡೆ ಇಲ್ವೇನೇ?"

"ಇವೆ, ನಾಲ್ಕೂ ಇವೆ."

ಇವರು ನಕ್ಕು ಶೂ ಕಟ್ಟಿಕೊಂಡು ಹೊರಟರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇನ್ನು ಹೀಗೇ, ಈ ಗೇಟಿನ ಒಳಗೇ ಮುದುಕಿಯಾಗಿಬಿಡುತ್ತೇನೆ ಅಂತ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಇವರು ಹೋದ ಮೇಲೆ ಅತ್ತೆಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪೂಜೆಗೆ ಮಣೆಯ ಮೇಲೆ ಕೂರಿಸಿದೆ. ಮಗನ ಮುಖ ಮರೆತರೂ ಪೂಜೆಯನ್ನು ಅವರು ಮರೆತಿರಲಿಲ್ಲ. ಅವರ ಪಕ್ಕದಲ್ಲೇ, ಹಟಕ್ಕೆ, ಗೋಡೆಯ ಕಡೆ ತಿರುಗಿ ನಾನೂ ಕೂತೆ. ಬೇಕಾಗಿದ್ದು ಧ್ಯಾನವಲ್ಲ, ಗಂಡನ ಮೇಲಿನ ಸಿಟ್ಟು ಎಲ್ಲಾದರೂ ಇಳಿಯಬೇಕಿತ್ತು. ಎಂದಿನಂತೆ ಎಡಗೈ ಮೇಲೆದ್ದಿತು. ಇಳಿಸುವವರು ಯಾರೂ ಇಲ್ಲ, ಇರಲಿ ಅಂತ ಬಿಟ್ಟೆ.

ಒಣಗಿದ ಬೆರಳುಗಳು ನನ್ನ ಮಣಿಕಟ್ಟು ಹಿಡಿದವು.

"ನಿಂದೆಲ್ಲೈತಿ ಮಗಳ?" ಅತ್ತೆಯ ದನಿ. ಎಷ್ಟೋ ದಿನದಿಂದ "ಯಾರವ್ವ ನೀನು" ಎಂಬುದರ ಹೊರತು ಅವರು ನನ್ನೊಡನೆ ಬೇರೆ ಮಾತಾಡಿರಲಿಲ್ಲ. "ಬರೇ ಕೈ ಹಿಡಕಂಡು ಕುಂತೀಯಲ್ಲ. ಎಲ್ಲಿ ಕಳಕಂಡಿ?"

ಗೂಡಿನಲ್ಲಿದೆ ಅತ್ತೆ ಅನ್ನುವಷ್ಟರಲ್ಲಿ ತಮ್ಮ ಅಂಗೈಯಲ್ಲಿದ್ದ ಲಿಂಗವನ್ನು ನನ್ನ ಅಂಗೈಗೆ ಇಟ್ಟುಬಿಟ್ಟರು.

ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಬದುಕಿರುವತನಕ ಮೈಮೇಲೆ, ಆಮೇಲೆ ಅದೇ ಅಂಗೈಯಲ್ಲಿ ಮಣ್ಣಿಗೆ. ಸ್ಕ್ಯಾನಿಂಗ್ ಮಾಡುವವರು ತೆಗೆದಿಡಿ ಅಂದಿದ್ದಕ್ಕೆ ಸ್ಕ್ಯಾನಿಂಗೇ ಬೇಡ ಅಂತ ಎದ್ದು ಬಂದವರು ನಮ್ಮತ್ತೆ.

"ತಗೊಳ್ಳಿ ಅತ್ತೆ, ಇದು ನಿಮ್ಮದು. ತಪ್ಪಾಗುತ್ತೆ."

"ಇರ್ಲಿ ಬಿಡು. ನೀ ಹಿಡಕ, ನಾ ನೋಡತೀನಿ."

ಅವರ ಕೈಯ ಬಿಸಿ ಇನ್ನೂ ಅದರಲ್ಲಿತ್ತು. ನಾನು ಗೋಡೆ ಬಿಟ್ಟು ಅವರ ಕಡೆ ತಿರುಗಿದೆ. ಅವರು ಖಾಲಿ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು, ನನ್ನ ಅಂಗೈಯನ್ನೇ ನೋಡುತ್ತ ಕೂತರು. ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ತುಂತುರು ಹನಿ ಅಂತ ಇವರು ಅರ್ಧ ದಾರಿಯಿಂದಲೇ ವಾಪಸು ಬಂದಿದ್ದರು. ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದವರು ಶೂ ಬಿಚ್ಚುವುದನ್ನೇ ಮರೆತರು.

"ಅವ್ವನ ಲಿಂಗ ನಿನ್ನ ಕೈಲಿ..." ಎಂದವರು ಗಡಿಯಾರ ನೋಡಿದರು. "ನಾನು ಇರ್ತೀನಿ. ಈಗ ಹೊರಟ್ರೂ ಕ್ಲಾಸ್ ಸಿಗತ್ತೆ, ನೀನು ಹೋಗ್ಬಾ," ಅಂದರು.

"ನಾಳೆಯಿಂದ ದಿನಾ ಹೋಗ್ತೀನಿ ರೀ. ನೀವು ಮನೇಲಿರಬೇಕು," ಅಂದೆ. "ಇವತ್ತು ಆಗಲ್ಲ."

ನಾಳೆ ಅತ್ತೆ ಮತ್ತೆ ಸರಳು ಅಲ್ಲಾಡಿಸುತ್ತಾರೆ, ನಾನು ಮತ್ತೆ ಪಾತ್ರೆ ಕುಕ್ಕುತ್ತೇನೆ ಅಂತ ಆಗಲೂ ಗೊತ್ತಿತ್ತು. ಇವರ ಬೆನ್ನ ಹಿಂದೆ ಗೇಟು ಹಾರುಹೊಡೆದಿತ್ತು. ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅತ್ತೆ ಒಮ್ಮೆ ಆ ಕಡೆ ನೋಡಿದರು, ನಾನೂ ನೋಡಿದೆ. ನನ್ನ ಎಡಗೈಗೆ ಜೋಮು ಹಿಡಿದಿತ್ತು. ಇಬ್ಬರೂ ಏಳಲಿಲ್ಲ.